ನಾಲ್ಕು ಗಂಟೆಯ ತಾಪಮಾನ

ಔಷಧಿ ಉಗ್ರಾಣದ ಮೇಲ್ವಿಚಾರಕಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶೀತಲ ಕೋಣೆ ಮೂರು ಗಂಟೆಗೇ ಕೆಟ್ಟು ಲಸಿಕೆಗಳೆಲ್ಲ ಹಾಳಾಗಿದ್ದರೂ ದಾಖಲೆ ಪುಸ್ತಕದಲ್ಲಿ ನಾಲ್ಕು ಗಂಟೆಯ ತಾಪಮಾನ ಸರಿಯಾಗಿಯೇ ಇತ್ತು. ಗುಮಾಸ್ತ ಅದನ್ನು ಊಟಕ್ಕೆ ಮೊದಲೇ ಬರೆದಿಟ್ಟಿದ್ದ.

"ಮೀಟಿಂಗಲ್ಲಿ ನಿಮ್ಮ ಮೇಲೇ ಎಗರಾಡ್ತಾನಲ್ಲ, ಅದೇ ತರಲೆ ತಾನೇ? ವರದಿಯಲ್ಲಿ ಅವನ ಹೆಸರು ಬರೀರಿ ಮೇಡಂ, ಪೀಡೆ ತೊಲಗ್ಲಿ," ಎಂದರು ಮ್ಯಾನೇಜರು.

ಎದ್ದಳು, ಕಿಟಕಿಯವರೆಗೆ ಹೋದಳು, ಮತ್ತೆ ಕೂತಳು. ಅವನನ್ನು ಕಂಡರೆ ಅವಳಿಗೂ ಮೈ ಉರಿಯುತ್ತಿತ್ತು. ಆದರೆ ಅವನು ಕೆಲಸಕ್ಕೆ ಸೇರಿದ ದಿನ, "ಸಂಜೇದೂ ಈಗ್ಲೇ ಬರೆದ್ಬಿಡಪ್ಪ, ಯಾರು ನೋಡ್ತಾರೆ?" ಎಂದವಳು ಯಾರು?

'ಹೀಗೆ ಬರೆಯಲು ಕಲಿಸಿದವಳು ನಾನೇ' ಎಂದು ಬರೆದು ಸಹಿ ಹಾಕಿದಳು.

ಮ್ಯಾನೇಜರು ಹೌಹಾರಿದರು. "ನಾಳೆ ಇದನ್ನೇ ಹಿಡ್ಕೊಂಡು ಅವನು ನಿಮ್ಮ ಜನ್ಮ ಜಾಲಾಡ್ತಾನೆ!"

"ಜಾಲಾಡ್ಲಿ ಬಿಡಿ ಸಾರ್. ಈ ಸಲ ಅವನ ಮಾತಲ್ಲಿ ನ್ಯಾಯ ಇರುತ್ತೆ."