ಬಿಚ್ಚಿದ ಹೊಲಿಗೆ

ಹೆಣಕ್ಕೆ ತೊಡಿಸಿದ ಅಂಗಿಯ ಕತ್ತಿನ ಗುಂಡಿ ಹಾಕಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆ ಬೆಳಗಿನಿಂದ ಆ ಮನೆಯನ್ನು ಎರಡು ಪಕ್ಷವಾಗಿ ಒಡೆದಿತ್ತು. ಮಗಳು ಎರಡು ಸಲ ಹಾಕಿ ಎರಡು ಸಲ ತೆಗೆದಿದ್ದಳು.

“ಹಾಕಕ್ಕ, ನೋಡೋಕೆ ನೀಟಾಗಿರುತ್ತೆ,” ಎಂದ ತಮ್ಮ. ನಿನ್ನೆ ಸಂಜೆ ಬಸ್ಸಿಳಿದಾಗಿನಿಂದ ಅವನು ನೀಟಾಗಿರುವುದರ ಉಸ್ತುವಾರಿ ವಹಿಸಿಕೊಂಡಿದ್ದ.

“ಬೇಡ್ವೋ, ಉಸಿರು ಕಟ್ಟಿದ ಹಾಗಾಗುತ್ತೆ,” ಎಂದಳು ಸೋದರತ್ತೆ.

“ಯಾರಿಗತ್ತೆ?”

ಅತ್ತೆ ಕರ್ಚೀಫು ಮುಖಕ್ಕೊತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳುವುದು ಕಷ್ಟವಿತ್ತು.

ನಲವತ್ತೆರಡು ವರ್ಷ ಊರಿಗೆಲ್ಲ ಅಂಗಿ ಹೊಲಿದ ಟೈಲರ್ ಮಾಸ್ತರು ಯಾವ ಪಕ್ಷವನ್ನೂ ಸೇರದೆ ಮಲಗಿದ್ದರು.

*

ಒಂದು ವರ್ಷದ ಹಿಂದೆ ಮಾಸ್ತರು ಒಂದು ಅಂಗಿಗೆ ಎರಡೂ ಎಡತೋಳನ್ನೇ ಜೋಡಿಸಿದ್ದರು. ಗಿರಾಕಿ ನಕ್ಕ. ಮಾಸ್ತರು ನಗಲಿಲ್ಲ, ಅಂಗಡಿ ಮುಚ್ಚಿ ಬಂದು ಗೋಡೆ ನೋಡುತ್ತ ಕೂತರು. ಸ್ನಾನಕ್ಕೆ ಏಳರು, ಊಟಕ್ಕೆ ಕರೆದರೆ ತಟ್ಟೆಗೆ ಕೈ ಹಾಕರು. ಮಗಳು ಡಾಕ್ಟರಿಗೆ ತೋರಿಸಿದಳು.

“ಮರೆವು ಇರೋದು ನಾಲ್ಕಾಣೆ. ಹನ್ನೆರಡಾಣೆ ಮನಸ್ಸು ಕುಗ್ಗಿರೋದು. ಕೈಗೆ ಕೆಲಸ ಕೊಡಮ್ಮ,” ಎಂದರು ಡಾಕ್ಟರು.

ಕೊಟ್ಟಳು. ಒಂದು ದಿಂಬಿನ ಚೀಲಕ್ಕಾಗುವಷ್ಟು ಬಿಳಿ ಬಟ್ಟೆ. ಮಾಸ್ತರು ಬೆಳಿಗ್ಗೆ ಹೊಲಿದು ಮಡಿಸಿಟ್ಟು, ಮಧ್ಯಾಹ್ನ ಮಲಗುವರು. ಅವರ ಗೊರಕೆ ಕೇಳಿಸಿದ ಮೇಲೆ ಮಗಳು ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಮರುದಿನ ಅದೇ ಬಟ್ಟೆ ಮುಂದಿಡುವಳು. ದಿನಕ್ಕೊಂದು ಚೀಲ ಹೊಲಿದರೆ ಅಷ್ಟು ದಿಂಬು ಯಾರ ಮನೆಯಲ್ಲಿರುತ್ತದೆ? ಹೇಗೂ ನೆನಪಿರುವುದಿಲ್ಲವಲ್ಲ.

ಮೂರು ವಾರ ಮಾಸ್ತರು ತಾವೇ ಸ್ನಾನ ಮಾಡಿದರು, ತಾವೇ ಗುಂಡಿ ಹಾಕಿಕೊಂಡರು, ಊಟಕ್ಕೆ ಉಪ್ಪು ಸಾಲದೆಂದು ಜಗಳ ತೆಗೆದರು.

*

ಹನ್ನೊಂದಕ್ಕೆ ಕಾಜದಯ್ಯ ಬಂದ. ಮಾಸ್ತರ ಅಂಗಡಿಯಲ್ಲಿ ಮೂವತ್ತು ವರ್ಷ ಗುಂಡಿಯ ಕಾಜಕ್ಕೆ ದಾರದ ಅಂಚು ಕಟ್ಟಿದ್ದು ಬಿಟ್ಟರೆ ಅವನು ಬೇರೇನೂ ಮಾಡಿದವನಲ್ಲ. ಹೆಣದ ಮುಂದೆ ನಿಂತು ನೋಡಿ, “ಕತ್ತಿನ ಗುಂಡಿ ಮಾಸ್ತರು ಹಾಕಿದ್ದು ಮದುವೆ ದಿನ ಒಂದೇ. ಬಿಡಿ,” ಎಂದ. ಪ್ರಶ್ನೆ ಇತ್ಯರ್ಥವಾಯಿತು.

ಆಮೇಲೆ ಕಿಟಕಿ ಪಕ್ಕದ ಮಷೀನಿನ ಹತ್ತಿರ ಹೋಗಿ, ಸೂಜಿಯ ಕೆಳಗೆ ಉಳಿದಿದ್ದ ಬಿಳಿ ಬಟ್ಟೆಯನ್ನೆಳೆದು ಬೆಳಕಿಗೆ ಹಿಡಿದ.

“ಜರಡಿ ಆಗಿದೆಯಲ್ಲಮ್ಮ ಇದು. ಯಾರು ಬಿಚ್ಚಿದ್ದು?”

*

ಮಾಸ್ತರೂ ಅದೇ ಕಿಟಕಿಯಲ್ಲಿ ಅದನ್ನೇ ಕೇಳಿದ್ದರು. ಸೂಜಿತೂತಿನ ಸಾಲಿನ ಮೇಲೆ ಉಗುರು ಎಳೆದು, “ಇದು ನನ್ನ ಹೊಲಿಗೆ. ಯಾರು ಬಿಚ್ಚಿದ್ದು?” ಎಂದಿದ್ದರು. ಮಗಳು ‘ನಾನೇ’ ಅಂದಿದ್ದರೆ ಬೈಯುತ್ತಿದ್ದರು, ಅಷ್ಟೇ. ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

“ನೀವೇ ಬಿಚ್ಚಿದ್ರಲ್ಲಪ್ಪ. ನೆನಪಿಲ್ವಾ?”

“ನಾನಾ?”

“ದಿನಾ ಬಿಚ್ತೀರಿ.”

ಮಾಸ್ತರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಸಾಮಾನು ವಿಳಾಸ ತಪ್ಪಿ ಬಂದಂತೆ. ಮತ್ತೆ ಮಷೀನು ಮುಟ್ಟಲಿಲ್ಲ. ಬೆಳಿಗ್ಗೆ ಗುಂಡಿ ಹಾಕಿಸಿಕೊಳ್ಳಲು ಮಗಳ ಮುಂದೆ ಎದೆಯೊಡ್ಡಿ ನಿಲ್ಲುತ್ತಿದ್ದರು. ಕೆಲವು ದಿನದ ಮೇಲೆ ನಿಲ್ಲುವುದನ್ನೂ ಬಿಟ್ಟರು. ಹತ್ತು ತಿಂಗಳು, ಬಾಯಿಗಿಟ್ಟ ತುತ್ತನ್ನಷ್ಟೇ ತಿಂದರು. ಉಪ್ಪಿನ ಮಾತೆತ್ತಲಿಲ್ಲ.

*

“ಅಕ್ಕ, ಕೇಳ್ತಿದಾರೆ ನೋಡು,” ಎಂದ ತಮ್ಮ.

ಕಾಜದಯ್ಯ ಬಟ್ಟೆ ಹಿಡಿದುಕೊಂಡೇ ನಿಂತಿದ್ದ. ಮಗಳು ನಿಜ ಹೇಳಿದರೆ ಈ ಮನೆಯಲ್ಲಿ ಅವಳನ್ನು ಬೈಯುವ ಯೋಗ್ಯತೆ ಇದ್ದವನು ಅವನೊಬ್ಬನೇ. ಬೈದರೆ ಎದೆ ಹಗುರಾದೀತು. ಅವಳು ಬಾಯಿ ತೆರೆದಳು.

“ಅಪ್ಪನೇ.”

“ಹೊಲಿದದ್ದನ್ನ ತಾವೇನಾ?”

“ದಿನಾ.”

ಕಾಜದಯ್ಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಷೀನಿನ ಮೇಲಿಟ್ಟ. “ಅಷ್ಟು ಕೆಟ್ಟೋಗಿತ್ತಾ ತಲೆ,” ಎಂದ.

“ಒಬ್ಬಳೇ ಎಷ್ಟು ಅನುಭವಿಸಿದೀಯಕ್ಕ,” ಎಂದು ತಮ್ಮ ಅವಳ ಭುಜದ ಮೇಲೆ ಕೈಯಿಟ್ಟ. ಅತ್ತೆ ಹೊರಗೆ ಕುರ್ಚಿಗಳಲ್ಲಿ ಕೂತವರ ಕಡೆಗೆ ಎದ್ದು ಹೋದಳು.

ಹೆಣ ಎತ್ತುವ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು: ಮಾಸ್ತರು ಹೊಲಿದದ್ದನ್ನು ತಾವೇ ಬಿಚ್ಚುತ್ತಿದ್ದರು.