ಮೈಲಾರಪ್ಪ ಮಾಸ್ತರರ ಎರಡು ಹಿಡಿಕೆಯ ಬಟ್ಟಲು

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತವೆ, ಮಹಾಪ್ರಾಣಗಳಲ್ಲಿ ಇನ್ನೂ ಎಡವುತ್ತೇನೆ. ಅವ್ವನ ಬೇನೆಯಿಂದಾಗಿ ಆರನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಮಾತು ಒರಟಾಗಿ ಕಂಡರೆ ಓದುವವರು ಕ್ಷಮಿಸಬೇಕು, ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಆದರೆ ಮೈಲಾರಪ್ಪ ಮಾಸ್ತರರ ಬಗ್ಗೆ ಇಲ್ಲಿ ಬರೆದ ಸಂಗತಿಗಳನ್ನು ಯಾರೂ ತಿದ್ದಬೇಕಾಗಿಲ್ಲ. ಸಿಟ್ಟಿನಲ್ಲಿ ಬರೆಯಬಾರದೆಂದು ಕೆಲವು ದಿನ ಕಾದೆ. ಸಿಟ್ಟು ಇಳಿಯಲಿಲ್ಲ, ಆದ್ದರಿಂದ ನಿಧಾನವಾಗಿ, ನೋಡಿ ನೋಡಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಬೀದಿಯಲ್ಲಿ ಗುರುತಿನವರು ಎದುರಾದರೆ ಎಲ್ಲರೂ ಊಟವಾಯಿತೇ, ಎತ್ತ ಹೊರಟಿರಿ ಎಂದು ಕೇಳುತ್ತಾರೆ. ಮಾಸ್ತರರು "ಆತ್ಮ ಹೆಂಗೈತ್ರಿ?" ಎಂದು ಕೇಳುತ್ತಾರೆ. ಚರ್ಚಿನ ಮೆಟ್ಟಿಲ ಮೇಲೆ ಮಾತ್ರವಲ್ಲ, ದುರ್ಗದ ಬೈಲಿನ ಸಂತೆಯ ಗದ್ದಲದಲ್ಲಿ, ಟಾಂಗಾಗಳ ನಡುವೆ, ಉಳ್ಳಾಗಡ್ಡಿ ತೂಗಿಸಿಕೊಳ್ಳುತ್ತ ಕೂಡ ಕೇಳುತ್ತಾರೆ. ಉಳ್ಳಾಗಡ್ಡಿ ಮಾರುವ ದಸ್ತಗೀರಸಾಬರು ಒಮ್ಮೆ, "ಆತ್ಮ ಆರಾಮ ಐತ್ರಿ ಮಾಸ್ತರ, ಮಂಡೀನ ಕೈ ಕೊಟ್ಟೈತಿ" ಎಂದರು. ಸುತ್ತಲಿನವರು ನಕ್ಕರು. ಮಾಸ್ತರರು ನಗದೆ, ಯಾವ ಕಾಲಿನ ಮಂಡಿ, ಯಾವ ಎಣ್ಣೆ ತಿಕ್ಕುತ್ತೀರಿ ಎಂದೆಲ್ಲ ವಿಚಾರಿಸಿ, ಮರುದಿನ ಎಣ್ಣೆಯ ಶೀಸೆ ಕೊಟ್ಟು ಬಂದರು. ಕೊಡುವಾಗ ಆತ್ಮದ ಸುದ್ದಿಯನ್ನು ಮತ್ತೊಮ್ಮೆ ಕೇಳಿದರು.

ಈ ಪ್ರಶ್ನೆ ಅವರ ಸ್ವಂತದ್ದಲ್ಲ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥವನ್ನು ಎಬ್ಬಿಸಿದ ಮೊದಲ ಉಪದೇಶಕರು ಜನರನ್ನು ಸಣ್ಣ ಸಣ್ಣ ಕೂಟಗಳಲ್ಲಿ ಸೇರಿಸಿ ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ಹೀಗೆ ಕೇಳುತ್ತಿದ್ದರಂತೆ. ಮಾಸ್ತರರು ಬೆಳಗಾವಿಯ ಕಡೆ ಮಿಷನ್ ಸಾಲೆಯಲ್ಲಿ ಕಲಿಸುತ್ತಿದ್ದಾಗ ಆ ಉಪದೇಶಕರು ಜನರೆದುರು ಮಾಡಿದ ಪ್ರಸಂಗಗಳ ಇಂಗ್ಲಿಷ್ ಪುಸ್ತಕವೊಂದು ಅವರ ಕೈಗೆ ಬಂತು. ಅಂದಿನಿಂದ ಅವರು ಅದನ್ನು ಬಿಟ್ಟಿಲ್ಲ. ಬಿಸಿಲಿರಲಿ ಮಳೆಯಿರಲಿ ಕೊರಳತನಕ ಗುಂಡಿ ಹಾಕಿದ ಕರಿಯ ಕೋಟು, ಅದರ ಎಡಜೇಬಿನಲ್ಲಿ ಇಂಗ್ಲಿಷ್ ಪುಸ್ತಕ, ಬಲಜೇಬಿನಲ್ಲಿ ತಾವು ಕನ್ನಡಕ್ಕೆ ತಿರುಗಿಸಿದ ಹಾಳೆಗಳು. ಎರಡೂ ಕಡೆ ಭಾರ ಬಿದ್ದು ಕೋಟು ಭುಜದಿಂದ ನೆಟ್ಟಗೆ ಇಳಿಬಿದ್ದಿರುತ್ತದೆ. ನಡೆಯುತ್ತ ನಡೆಯುತ್ತ ಒಂದು ಮಾತಿಗೆ ಸರಿಯಾದ ಕನ್ನಡ ಹೊಳೆದರೆ ರಸ್ತೆಯ ನಡುವೆಯೇ ನಿಂತುಬಿಡುತ್ತಾರೆ. ಗಾಡಿಯವರು ಬೈದುಕೊಂಡು ಸುತ್ತಿ ಹೋಗುತ್ತಾರೆ.

ಕ್ರಿಸ್ತಾನರಾದಾಗ ಅವರು ಹೆಸರು ಬದಲಿಸಲಿಲ್ಲ. ನಮ್ಮ ಚರ್ಚಿನ ಸಭೆಯ ಮುಖ್ಯ ಹಿರಿಯರಾದ ಸೊಲೊಮನಪ್ಪನವರಿಗೆ ಇದು ಮೊದಲಿನಿಂದಲೂ ಸೇರದು. ಗುಡಿಯ ದೇವರ ಹೆಸರು ಹೊತ್ತುಕೊಂಡು ಪ್ರಸಂಗ ಮಾಡಿದರೆ ಕೇಳಿದವರು ಏನೆಂದುಕೊಂಡಾರು ಎಂದು ಎಲ್ಲರೆದುರು ಚುಚ್ಚುತ್ತಿದ್ದರು. ಮಾಸ್ತರರು, ದೇವರು ನನ್ನನ್ನು ಕರೆದಾಗ ಇದೇ ಹೆಸರಿನಿಂದ ಕರೆದನಲ್ಲ, ಅವನಿಗೆ ನಡೆದದ್ದು ನಿಮಗೇಕೆ ನಡೆಯಬಾರದು ಎಂದು ಮೆತ್ತಗೆ ಉತ್ತರಿಸುತ್ತಿದ್ದರು.

ಮೊದಲ ಉಪದೇಶಕರು ಕಲ್ಲಿದ್ದಲ ಗಣಿಗಳ ಬಾಯಲ್ಲಿ ನಿಂತು ಮಾತಾಡಿದರೆಂದು ಓದಿದ ಮಾಸ್ತರರು ಹುಬ್ಬಳ್ಳಿಯಲ್ಲಿ ಗಣಿ ಹುಡುಕುತ್ತ ಕೂಡಲಿಲ್ಲ. ಹತ್ತಿ ಗಿರಣಿಯ ಬಾಗಿಲಿಗೆ ಹೋದರು. ಸಂಜೆ ಪಾಳಿ ಬಿಟ್ಟು ಬರುವ ಹೆಂಗಸರ ಹುಬ್ಬು, ರೆಪ್ಪೆ, ಕೂದಲೆಲ್ಲ ಅರಳೆಯ ದೂಳಿನಿಂದ ಬೆಳ್ಳಗಾಗಿರುತ್ತಿದ್ದವು. ಅವರೆದುರು ಹಾಳೆ ತೆಗೆದು ಓದುತ್ತಿದ್ದರು. ಯಾವುದಾದರೂ ಮಾತಿಗೆ ಅವರ ಮುಖ ಖಾಲಿ ಉಳಿದರೆ ಅಲ್ಲಿಯೇ ಸೀಸದಕಡ್ಡಿಯಿಂದ ಅದನ್ನು ಹೊಡೆದುಹಾಕುತ್ತಿದ್ದರು. ಮನುಷ್ಯ ದೇವರನ್ನು ಹುಡುಕುವ ಮೊದಲೇ ದೇವರ ಕೃಪೆ ಅವನತ್ತ ಹೊರಟಿರುತ್ತದೆ ಎಂಬುದು ಆ ಉಪದೇಶಕರ ಮುಖ್ಯ ಬೋಧೆ. ಇದಕ್ಕೆ ಪಂಡಿತರೊಬ್ಬರು 'ಪೂರ್ವಗಾಮಿನೀ ಕೃಪೆ' ಎಂಬ ಹೆಸರು ಬರೆದುಕೊಟ್ಟಿದ್ದರು. ಗಿರಣಿಯ ಬಾಗಿಲಲ್ಲಿ ಅದು ಯಾರನ್ನೂ ಮುಟ್ಟಲಿಲ್ಲ. ಮಾಸ್ತರರು ತಿಂಗಳುಗಟ್ಟಲೆ ಅದನ್ನೇ ಮೆಲುಕು ಹಾಕಿ, ಒಂದು ಭಾನುವಾರ ನಮ್ಮ ಸಭೆಯಲ್ಲಿ ಹೀಗೆ ಹೇಳಿದರು: "ಕೂಸು ಎದ್ದು ನೀರು ಕೇಳೂದರೊಳಗ ಅವ್ವ ಬಾವಿಗೆ ಹೋಗಿ ಬಂದಿರ್ತಾಳ. ಕೂಸಿಗೆ ಗೊತ್ತಿಲ್ಲ. ಕೊಡ ಮಾತ್ರ ತುಂಬಿರ್ತೈತಿ."

ಅಂದು ಮುಂದಿನ ಬೆಂಚಿನಲ್ಲಿದ್ದ ಸೊಲೊಮನಪ್ಪನವರ ಹೆಂಡತಿ ದೇವಕ್ಕನವರು ಸೆರಗಿನಿಂದ ಕಣ್ಣು ಒರಸಿಕೊಂಡರು. ಇದನ್ನು ನಾನು ಮರೆಯಲಾರೆ. ಮುಂದೆ ನಡೆದದ್ದನ್ನು ಹೇಳುವಾಗ ಓದುವವರೂ ಮರೆಯಬಾರದು.

ನಮ್ಮ ಸಭೆಯಲ್ಲಿ ಬೆಂಚಿನವರು, ಚಾಪೆಯವರು ಎಂದು ಎರಡು ಥರ. ಬೆಂಚಿನ ಮೇಲೆ ಯಾರು ಕೂಡಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತಿದೆ. ನಮ್ಮ ಅಪ್ಪ ರೇಲ್ವೆ ವರ್ಕ್‌ಶಾಪಿನಲ್ಲಿ ಕಾರಕೂನ; ನಾವು ಬೆಂಚಿನವರು. ತೊಗಲು ಹದ ಮಾಡುವವರ ಓಣಿಯಿಂದ ಬರುವವರು ಬಾಗಿಲ ಬಳಿಯ ಚಾಪೆಯ ಮೇಲೆ ಕೂಡುತ್ತಾರೆ. ಬೀರವ್ವ ಆ ಓಣಿಯವಳು, ಗಿರಣಿಯಲ್ಲಿ ಅರಳೆ ಆರಿಸುತ್ತಾಳೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಸಂಸ್ಕಾರದಲ್ಲಿ ಬಟ್ಟಲು ಮೊದಲು ಬೆಂಚುಗಳಿಗೆ ಹೋಗಿ ಕೊನೆಗೆ ಚಾಪೆಗೆ ಬರುತ್ತದೆ. ಚಿಕ್ಕಂದಿನಿಂದ ನೋಡಿದ್ದರಿಂದ ಅದರಲ್ಲಿ ಏನಾದರೂ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಮಾಸ್ತರರು ಶುಕ್ರವಾರದ ಕೂಟವನ್ನು ಪ್ರಾರ್ಥನಾಮಂದಿರದ ಹಿಂದಿನ ತಮ್ಮ ಕೋಣೆಯಲ್ಲಿ ನಡೆಸುತ್ತಿದ್ದರು. ಆ ಕೋಣೆ ಸಭೆಯವರು ಕೊಟ್ಟದ್ದು. ಅಲ್ಲಿ ಬೆಂಚಿರಲಿಲ್ಲ; ಎಲ್ಲರೂ ದುಂಡಗೆ ನೆಲದ ಮೇಲೆ ಕೂಡಬೇಕು. ನನ್ನ ಸರದಿ ಬಂದಾಗ ನನಗೆ ಬಾಯೇ ಬರುತ್ತಿರಲಿಲ್ಲ. ಮಾಸ್ತರರು ಸ್ವಲ್ಪ ಕಾದು, "ಆತವ್ವಾ, ದೇವರಿಗೆ ಕೇಳಿಸ್ತು" ಎಂದು ಮುಂದಿನವರತ್ತ ತಿರುಗುತ್ತಿದ್ದರು. ಬೀರವ್ವ ಮಾತ್ರ ತನ್ನ ಆತ್ಮದ ಸುದ್ದಿಯನ್ನು ಗಿರಣಿಯಲ್ಲಿ ಕೆಲಸ ಹೇಳುವ ಮುಕಾದಮನ ಮೇಲಿನ ಸಿಟ್ಟಿನಿಂದ ಹಿಡಿದು ಸೊಸೆಯ ಮೇಲಿನ ಹೊಟ್ಟೆಕಿಚ್ಚಿನವರೆಗೆ ಒಂದನ್ನೂ ಬಿಡದೆ ಹೇಳುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಹಳೆಯ ಮೆಥೊಡಿಸ್ಟರಲ್ಲಿ ಪ್ರೇಮಭೋಜನ ಎಂಬ ರೂಢಿಯಿತ್ತು. ಅದು ಸಂಸ್ಕಾರವಲ್ಲ, ಹಬ್ಬದೂಟವೂ ಅಲ್ಲ. ಒಂದು ರೊಟ್ಟಿ ಮುರಿದು ಹಂಚಿಕೊಂಡು, ಒಂದೇ ಬಟ್ಟಲಿನಿಂದ ಎಲ್ಲರೂ ನೀರು ಕುಡಿದು, ದೇವರು ತಮಗೆ ಮಾಡಿದ್ದನ್ನು ಹೇಳಿಕೊಳ್ಳುವುದು, ಅಷ್ಟೆ. ಮಾಸ್ತರರು ಅದಕ್ಕಾಗಿ ಎರಡು ಹಿಡಿಕೆಯ ಹಿತ್ತಾಳೆಯ ಬಟ್ಟಲು ಮಾಡಿಸಿದರು. ಕಲಾಯಿ ಹಾಕಿದ ಗುಲಾಬಸಾಬರು, ಕುಡಿಯುವುದು ಒಂದು ಬಾಯಿ, ಹಿಡಿಕೆ ಯಾಕೆ ಎರಡು ಎಂದು ಚೇಷ್ಟೆ ಮಾಡಿದರು. ಕೊಡುವವರದು ಒಂದು, ತೆಗೆದುಕೊಳ್ಳುವವರದು ಒಂದು, ಒಂದು ಗಳಿಗೆ ಇಬ್ಬರೂ ಹಿಡಿದಿರಬೇಕು ಎಂದು ಮಾಸ್ತರರು ಹೇಳಿದರಂತೆ.

ಈಸ್ಟರ್ ಮುಗಿದ ಮೇಲಿನ ಶುಕ್ರವಾರ ಪ್ರೇಮಭೋಜನ ಇಟ್ಟರು. ಸಭೆಯ ಹಿರಿಯರೂ ಹೆಂಡಂದಿರೊಂದಿಗೆ ಬಂದರು. ಭೋಜನವೆಂದು ಕೇಳಿ ರೇಷ್ಮೆ ಉಟ್ಟು ಬಂದಿದ್ದ ದೇವಕ್ಕನವರು ಒಂದೇ ಜೋಳದ ರೊಟ್ಟಿ ನೋಡಿ ಗಂಡನ ಮುಖ ನೋಡಿದರು. ಮಾಸ್ತರರು ಪ್ರಾರ್ಥಿಸಿ, ಬಟ್ಟಲನ್ನು ಎತ್ತಿಕೊಂಡು ಬಾಗಿಲ ಬಳಿಗೆ ಹೋದರು. ಗಿರಣಿಯಿಂದ ನೇರ ಬಂದ ಬೀರವ್ವ ಅಲ್ಲಿ ಕುಳಿತಿದ್ದಳು. ಅವಳ ಪಕ್ಕಕ್ಕೆ ದೇವಕ್ಕನವರು, ಕಡೆಯಲ್ಲಿ ಬಂದದ್ದರಿಂದ. ಬೀರವ್ವ ಒಂದು ಗುಟುಕು ಕುಡಿದು, ಬಟ್ಟಲಿನ ಅಂಚನ್ನು ಸೆರಗಿನಿಂದ ಎರಡೆರಡು ಸಲ ಒರಸಿ, ಪಕ್ಕಕ್ಕೆ ಚಾಚಿದಳು. ದೇವಕ್ಕನವರ ಕೈ ಮಡಿಲಿನಿಂದ ಮೇಲೇಳಲಿಲ್ಲ. ಬಟ್ಟಲು ಅಲ್ಲಿಯೇ ನಿಂತಿತು. ಬೀರವ್ವ ಅದನ್ನು ಚಾಚಿಯೇ ಇದ್ದಳು, ಬಟ್ಟಲು ವಾಲಿ ನೀರು ಚಾಪೆಯ ಮೇಲೆ ತುಳುಕುವವರೆಗೆ.

ಸೊಲೊಮನಪ್ಪನವರು ಎದ್ದರು. "ಮಾಸ್ತರ, ಪ್ಲೇಗ ಕಂಡ ಊರು ಇದು. ಎಲ್ಲಾರೂ ಒಂದ ಬಟ್ಟಲಿಗೆ ಬಾಯಿ ಹಚ್ಚೂದು ಹಳೇ ಮಂದಿ ರೂಢಿ. ನಾವು ಈಗಿನ ಕಾಲದ ಕ್ರಿಸ್ತಾನರು, ಆರೋಗ್ಯ ನೋಡಬೇಕಾಗ್ತದ."

"ಕರ್ತನ ಭೋಜನದ ಬಟ್ಟಲೂ ಒಂದ ಐತಲ್ರಿ ಹಿರೇರ."

"ಅದು ಬ್ಯಾರೆ."

"ಹೌದ್ರಿ, ಬ್ಯಾರೆ. ಅದರಾಗ ನೀವು ಮೊದಲ ಕುಡೀತೀರಿ."

ಬೀರವ್ವ ಬಟ್ಟಲನ್ನು ನೆಲಕ್ಕಿಟ್ಟು, ತನಗೆ ನೀರಡಿಕೆಯೇ ಇರಲಿಲ್ಲ, ಸುಮ್ಮನೆ ಕುಡಿದೆ, ತಪ್ಪಾಯಿತು ಎಂದು ಎಲ್ಲರಿಗೂ ಕೈಮುಗಿದು ಹೊರಗೆ ಹೋದಳು. ತಪ್ಪಾಯಿತು ಎಂದವಳು ಅವಳು. ನನ್ನ ಸಿಟ್ಟು ಅಲ್ಲಿ ಹುಟ್ಟಿದ್ದು.

ಮುಂದಿನ ವಾರ ಸಭೆಯ ಕಮಿಟಿ ಕೂಡಿತು. ಅವರು ಮಾಸ್ತರರನ್ನು ಗದರಿಸಲಿಲ್ಲ, ಗದರಿಸಿದ್ದರೆ ವಾಸಿಯಿತ್ತು. ಅವರ ಪ್ರಸಂಗಗಳನ್ನು ಬಾಯಿತುಂಬ ಹೊಗಳಿ, ಸಭೆಯ ಖರ್ಚಿನಲ್ಲಿ ಚೆಂದದ ರಟ್ಟು ಹಾಕಿಸಿ ಅಚ್ಚು ಮಾಡಿಸುತ್ತೇವೆ, ಈಗಿನ ಕ್ರೈಸ್ತರಿಗೆ ಹಳೆಯ ಬೋಧೆ ಬೇಕೇ ಬೇಕು ಎಂದರು. ಪ್ರತಿಯಾಗಿ ಬಟ್ಟಲು ಬಿಡಬೇಕು, ಶುಕ್ರವಾರದ ಕೂಟವನ್ನು ಚಾಪೆಯವರಿಗೆ ಬೇರೆ ದಿನ ಮಾಡಬೇಕು. ಒಪ್ಪದಿದ್ದರೆ ಕೋಣೆ ತೆರವು ಮಾಡಬೇಕು. ಮಾಸ್ತರರ ಕಣ್ಣು ಮಬ್ಬಾಗುತ್ತಿದೆ. ಇನ್ನು ಹೆಚ್ಚು ಕಾಲ ಬರೆಯಲಾರರು. ಆ ಪುಸ್ತಕ ಅಚ್ಚಾಗುವುದನ್ನು ನೋಡುವುದೊಂದೇ ಅವರ ಆಸೆಯೆಂದು ಕಮಿಟಿಯವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದರು.

ಯಾರು ಹೇಳಿದರೋ, ಸುದ್ದಿ ಬೀರವ್ವನಿಗೆ ಮುಟ್ಟಿತು. ಮಾಸ್ತರರ ಊಟದ ಡಬ್ಬಿ ಕೊಡಲು ನಾನು ಹೋದಾಗ ಅವಳು ಕೋಣೆಯ ಹೊಸ್ತಿಲ ಹೊರಗೆ ನಿಂತಿದ್ದಳು. "ನನ್ನ ಸಲುವಾಗಿ ಪುಸ್ತಕ ಬಿಡಬ್ಯಾಡ್ರಿ. ನಾ ಬರೂದಿಲ್ಲ, ಬಿಡ್ರಿ, ಏನ ಆಗೂದೈತಿ" ಎಂದಳು.

ಮಾಸ್ತರರು ಬಲಜೇಬಿನ ಹಾಳೆಗಳನ್ನು ತೆಗೆದು ಅವಳೆದುರು ಹಿಡಿದರು. "ಎಲ್ಲಾರಿಗೂ ಅಂತ ಬರದೀನಿ ಇದರಾಗ. ನಿನ್ನ ಹೊರಗ ನಿಲ್ಲಿಸಿ ಅಚ್ಚ ಹಾಕಿಸಿದ್ರ, ಬರದದ್ದೆಲ್ಲಾ ಸುಳ್ಳ ಆಗ್ತೈತಿ ಬೀರವ್ವ. ಒಳಗ ಬಾ."

ಕೋಣೆ ಬಿಟ್ಟರು. ಊರಾಚೆಯ ಬೈರಿದೇವರಕೊಪ್ಪದಲ್ಲಿ ಗುಲಾಬಸಾಬರು ತಮ್ಮ ಮನೆಯ ಪಡಸಾಲೆ ಕೊಟ್ಟಿದ್ದಾರೆ. ಬಾಡಿಗೆ ಬೇಡ, ಆದರೆ ಆತ್ಮದ ಸುದ್ದಿಯನ್ನು ದಿನಾ ಕೇಳಬಾರದು, ವಾರಕ್ಕೊಮ್ಮೆ ಸಾಕು ಎಂದು ಕರಾರು ಹಾಕಿದ್ದಾರೆ.

ನಮ್ಮ ಸಭೆಯಲ್ಲಿ ಈಗಲೂ ಮಾಸ್ತರರ ತಾಯಿ-ಕೂಸಿನ ಮಾತನ್ನು ಹೊಗಳುತ್ತಾರೆ. ಮೊನ್ನೆ ಸೊಲೊಮನಪ್ಪನವರು ತಮ್ಮದೇ ಮಾತೆಂಬಂತೆ ಅದನ್ನು ಪ್ರಾರ್ಥನೆಯಲ್ಲಿ ಸೇರಿಸಿದರು, ದೇವಕ್ಕನವರು ಮತ್ತೆ ಕಣ್ಣು ಒರಸಿಕೊಂಡರು. ತುಂಬಿದ ಕೊಡದ ಕತೆಗೆ ಅಳಲು ಬರುತ್ತದೆ, ಒಂದು ಗುಟುಕು ನೀರು ಕುಡಿಯಲು ಬರುವುದಿಲ್ಲ. ಪ್ಲೇಗಿಗೆ ಹೆದರುವವರು ತಮ್ಮ ಬಾಯಿ ಮುಟ್ಟಿದ ಬಟ್ಟಲನ್ನು ಬೀರವ್ವನಿಗೆ ಕಳಿಸುವಾಗ ಅವಳಿಗೆ ಪ್ಲೇಗು ತಗಲೀತೆಂದು ಒಂದು ದಿನವೂ ಹೆದರಲಿಲ್ಲ. ಹಿರಿಯರು ಹೇಳುವುದರಲ್ಲೂ ಸ್ವಲ್ಪ ಖರೇ ಇದೆ ಎಂದು ನಮ್ಮ ಅಪ್ಪ ಹೇಳುತ್ತಾರೆ. ಎಷ್ಟು ಖರೇ ಎಂದು ನಾನು ಬಹಳ ಯೋಚಿಸಿದೆ. ನನಗೆ ಕಾಣಲಿಲ್ಲ.

ಹಳೆಯ ಬೋಧೆಯನ್ನು ಪ್ರೀತಿಸುವವರು ಬಹಳ ಜನ. ಅದು ದೂರದ ದೇಶದಲ್ಲಿ, ಸತ್ತವರ ಬಾಯಲ್ಲಿ, ಒಳ್ಳೆಯ ಮಾತಿನಲ್ಲಿ ಇರುವವರೆಗೆ ಎಲ್ಲರಿಗೂ ಬೇಕು. ಮೈಲಾರಪ್ಪ ಮಾಸ್ತರರಂಥವರು ಅದನ್ನು ಓದಿ ಹಾಗೆಯೇ ಮಾಡಿಬಿಡುತ್ತಾರೆ, ಮಾಡಿದ ಕೂಡಲೇ ಅದು ನಮ್ಮ ಓಣಿಗೆ ಬಂದು ನಮ್ಮ ಪಕ್ಕದಲ್ಲಿ ಕೂಡುತ್ತದೆ. ಇಂಥವರನ್ನು ಜನ ಹಟಮಾರಿಗಳು, ಕಾಲ ತಿಳಿಯದವರು ಎನ್ನುತ್ತಾರೆ. ಅವರು ಕಾಲ ತಿಳಿಯದವರಲ್ಲ. ನಂಬಿದ ಮಾತಿಗೂ ಮಾಡುವ ಕೆಲಸಕ್ಕೂ ನಡುವೆ ನಾವೆಲ್ಲ ಜಾಣತನದಿಂದ ಬಿಟ್ಟುಕೊಳ್ಳುವ ಅಂತರ ಅವರಿಗೆ ಬಿಡಲು ಬರುವುದಿಲ್ಲ. ಅವರಿಂದ ನಮಗೆ ನಾಚಿಕೆಯಾಗುತ್ತದೆ, ನಾಚಿಕೆಯಾದದ್ದಕ್ಕೆ ಅವರನ್ನು ಕೋಣೆಯಿಂದ ಹೊರಡಿಸುತ್ತೇವೆ.

ಬರುವ ಶುಕ್ರವಾರ ಬೈರಿದೇವರಕೊಪ್ಪದಲ್ಲಿ ಮತ್ತೆ ಪ್ರೇಮಭೋಜನವಿದೆ. ಅಪ್ಪನಿಗೆ ಹೇಳಿಯೇ ಹೋಗುತ್ತೇನೆ, ಬೀರವ್ವ ಕುಡಿದ ಮೇಲೆ ಬಟ್ಟಲು ಯಾರಿಗೆ ಬರುತ್ತದೋ ಆ ಜಾಗದಲ್ಲಿ ಕೂಡುತ್ತೇನೆ.