ಮಸಿಯಕ್ಕ ಹಾಕಿದ ಗುರುತು

ಹಾಸಿಗೆಯ ಚಾದರ ಮಡಿಸುವುದು ಇಬ್ಬರ ಕೆಲಸ. ಆ ತುದಿಯನ್ನು ಚಿಕ್ಕಮ್ಮ ಹಿಡಿದಿದ್ದಳು, ಈ ತುದಿಯನ್ನು ನಾನು. ಜಗ್ಗಿದೆವು, ಒದರಿದೆವು, ಅರ್ಧಕ್ಕೆ ಮಡಿಸಿದೆವು. ಅವಳು ನಡೆದು ಬಂದು ತನ್ನ ತುದಿಯನ್ನು ನನ್ನ ಕೈಗಿಟ್ಟು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡಳು. ಮತ್ತೊಂದು ಚಾದರ. ಮತ್ತೊಂದು. ಇಬ್ಬರೂ ಮಾತಾಡಲಿಲ್ಲ.

ನಾನು ಮಾತಾಡದೆ ಇರುವುದು ಸುದ್ದಿಯೇ ಅಲ್ಲ. ಆಸ್ಪತ್ರೆಯ ಈ ಲಾಂಡ್ರಿಯಲ್ಲಿ ನನ್ನನ್ನು ಎಲ್ಲರೂ ಪಿಳಿಪಿಳಿ ಎಂದೇ ಕರೆಯುತ್ತಾರೆ. ಬಾಯಿ ಬಿಡದೆ ಕಣ್ಣು ಪಿಳಿಪಿಳಿ ಬಿಡುತ್ತಾ ನಿಲ್ಲುವವಳು ಎಂದು. ಆದರೆ ಚಿಕ್ಕಮ್ಮ ಸುಮ್ಮನಿರುವುದೆಂದರೆ ಬಾಯ್ಲರ್ ಆರಿದ ಹಾಗೆ. ಬಟ್ಟೆ ಮಡಿಸುತ್ತಲೇ ಅವಳು ಇಡೀ ಆಸ್ಪತ್ರೆಯ ಕಥೆ ಹೇಳುವವಳು. "ಇದು ಹೆರಿಗೆ ವಾರ್ಡಿಂದು ನೋಡು, ಪುಟ್ಟ ಸಾಹೇಬರು ಹುಟ್ಟಿದ ದಿನವೇ ಸಹಿ ಹಾಕಿದ್ದಾರೆ. ಇದು ಸಕ್ಕರೆ ಕಾಯಿಲೆ ಡಾಕ್ಟರ ಕೋಟು. ಜೇಬು ತುಂಬಾ ಬಿಸ್ಕತ್ತಿನ ಪುಡಿ. ಮಿಕ್ಕವರಿಗೆಲ್ಲ ಸಿಹಿ ಮುಟ್ಟಬೇಡಿ ಅಂತಾನೆ, ಕಳ್ಳ!" ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಶಾಲೆ ಬಿಟ್ಟು ಅವಳ ಸೆರಗು ಹಿಡಿದುಕೊಂಡೇ ನಾನು ಈ ನೆಲಮಾಳಿಗೆಗೆ ಇಳಿದು ಬಂದದ್ದು.

ಕೊನೆಯ ಚಾದರವನ್ನು ಗುಡ್ಡೆಯ ಮೇಲಿಟ್ಟ ಮೇಲೆ ಚಿಕ್ಕಮ್ಮ ಬಾಯಿ ಬಿಟ್ಟಳು.

"ಹೋಯ್ತು ಮಗಾ."

"ಏನು?"

"ಗುರುತು."

ನಾನು ಅವಳ ಎದೆಯ ಕಡೆ ನೋಡಿದೆ.

ನಮ್ಮ ಲಾಂಡ್ರಿಯೂ ಕಿರಣದ ಕೋಣೆಯೂ ಒಂದೇ ನೆಲಮಾಳಿಗೆಯಲ್ಲಿವೆ. ನಡುವೆ ದಪ್ಪ ಗೋಡೆ. ಈಚೆ ನಾವು ಬಟ್ಟೆ ಬೇಯಿಸುತ್ತೇವೆ. ಆಚೆ ಒಂದು ದೊಡ್ಡ ಮಿಷನ್ನು ಕ್ಯಾನ್ಸರ್ ಆದವರ ಮೈಗೆ ಕಿರಣ ಬಿಡುತ್ತದೆ. ಚಿಕ್ಕಮ್ಮನ ಎಡ ಎದೆಯ ಗಂಟನ್ನು ಕೊಯ್ದು ತೆಗೆದಿದ್ದರು. ಬೇರು ಎಲ್ಲಾದರೂ ಉಳಿದಿದ್ದರೆ ಸುಟ್ಟುಹೋಗಲಿ ಎಂದು ಈಗ ದಿನಾ ಕಿರಣ. ಕೆಲಸದ ನಡುವೆ ಸೀರೆ ಬದಲಿಸಿಕೊಂಡು ಹೋಗುತ್ತಿದ್ದಳು, ಮಲಗಿ ಎದ್ದು ಬರುತ್ತಿದ್ದಳು, ಮತ್ತೆ ಇಸ್ತ್ರಿಯ ರೋಲರ್ ಮುಂದೆ ನಿಲ್ಲುತ್ತಿದ್ದಳು. ತಾನು ಒಗೆದ ಚಾದರದ ಮೇಲೆ ತಾನೇ ಮಲಗುತ್ತೇನೆ ಎಂಬ ಜಂಬ ಬೇರೆ. "ಇವತ್ತಿಂದು ನಿನ್ನ ಮಡಿಕೆ ಅಲ್ಲ ಕಣೆ. ಯಾರೋ ಸೊಟ್ಟ ಮೂತಿಯವಳು ಮಡಿಸಿದ್ದಾಳೆ" ಎಂದು ಬಂದು ದೂರು ಹೇಳುತ್ತಿದ್ದಳು.

ಕಿರಣದ ಡಾಕ್ಟರಮ್ಮ ಮೊದಲ ದಿನ ಚಿಕ್ಕಮ್ಮನ ಜೊತೆ ನನ್ನನ್ನೂ ಚಿಕ್ಕಪ್ಪನನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದ್ದರು. ಚಿಕ್ಕಪ್ಪ ಹೆದರಿ ಟೋಪಿಯನ್ನು ಹಿಂಡುತ್ತಿದ್ದ.

"ನೋವಾಗುತ್ತಾ ಅಮ್ಮಾ?" ಎಂದಳು ಚಿಕ್ಕಮ್ಮ.

"ಫೋಟೋ ತೆಗೆಸ್ಕೊಂಡಷ್ಟೇ. ಅಲ್ಲಾಡಬಾರದು, ಮಾತಾಡಬಾರದು."

"ಹಾಗಾದ್ರೆ ಇವಳಿಗೆ ಕಷ್ಟ" ಎಂದ ಚಿಕ್ಕಪ್ಪ. ಆವತ್ತು ಅವನು ಆಡಿದ್ದು ಅಷ್ಟೇ ಮಾತು. ಡಾಕ್ಟರಮ್ಮ ನಕ್ಕು ಅವನ ಕೈಯಿಂದ ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಪಾಪ, ಅದಾದರೂ ಉಳಿಯಲಿ ಎಂದು.

ಆಮೇಲೆ ಚಿಕ್ಕಮ್ಮನ ಎದೆಯ ಮೇಲೆ ಪೆನ್ನಿನಿಂದ ಕೂಡಿಸುವ ಲೆಕ್ಕದ ಗುರುತಿನಂಥವನ್ನು ಬರೆದರು. "ಈ ಗುರುತೇ ನಮಗೆ ದಾರಿ. ಅಳಿದುಹೋದ್ರೆ ಮತ್ತೆ ಮೊದಲಿಂದ ಅಳತೆ ತೆಗೀಬೇಕು. ಅಲ್ಲೀವರೆಗೂ ಕಿರಣ ನಿಲ್ಲುತ್ತೆ. ನಿಂತ್ರೆ ಕಾಯಿಲೆಗೆ ಸಲಿಗೆ ಕೊಟ್ಟ ಹಾಗೆ. ಸೋಪು ಹಚ್ಚಬೇಡಿ, ಉಜ್ಜಬೇಡಿ, ಬೆವರದ ಹಾಗೆ ನೋಡ್ಕೊಳ್ಳಿ. ಮನೇಲೇ ಇರ್ತೀರಿ ತಾನೆ?"

"ಹೂಂ, ಮನೇಲೇ" ಎಂದಿದ್ದಳು ಚಿಕ್ಕಮ್ಮ.

ಬೆವರದ ಹಾಗೆ! ಲಾಂಡ್ರಿಗೆ ವಾಪಸು ಬಂದು ಅದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ರೋಲರ್ ಮುಂದೆ ನಿಂತರೆ ಕಣ್ಣಿನ ರೆಪ್ಪೆಯೂ ಬೆವರುತ್ತದೆ.

ಮನೆಯಲ್ಲೇ ಏಕಿರಲಿಲ್ಲ ಎಂದರೆ, ರಜೆ ಕೇಳಿದ್ದಳು. ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಆಸ್ಪತ್ರೆಯಲ್ಲ, ಒಬ್ಬ ಕಂಟ್ರಾಕ್ಟರು. ಅವನ ಮುಖವನ್ನು ನಾವು ಕಂಡಿಲ್ಲ. ಕಾಣುವುದು ಅವನ ಮೇಸ್ತ್ರಿಯ ಮುಖ ಮಾತ್ರ. ಮೇಸ್ತ್ರಿ ಹೇಳಿದ್ದ: "ಮನೇಲಿರೋದಾದ್ರೆ ಮನೇಲೇ ಇರು, ಪೂರ್ತಿ. ಗೇಟ್ ಹತ್ರ ಹೋಗಿ ನೋಡು, ಕೆಲಸ ಕೇಳಿಕೊಂಡು ಎಷ್ಟು ಜನ ನಿಂತಿದ್ದಾರೆ."

"ಮಡಿಸೋ ಮೇಜಿಗಾದ್ರೂ ಹಾಕಣ್ಣ. ಅಲ್ಲಿ ಹಬೆ ಇಲ್ಲ."

"ಮಡಿಸೋಕೆ ಪಿಳಿಪಿಳಿ ಇದ್ದಾಳೆ, ಇನ್ನೊಬ್ಬಳಿದ್ದಾಳೆ. ರೋಲರ್‌ಗೆ ಪಳಗಿದ ಕೈ ಬೇಕು."

ಹಾಗಾಗಿ ಬೆಳಿಗ್ಗೆ ಬಾಯ್ಲರ್ ಕಾಯುವ ತನಕ ಮಾತ್ರ ನಾವಿಬ್ಬರೂ ಒಂದೇ ಚಾದರದ ಎರಡು ತುದಿ. ಆಮೇಲೆ ಅವಳು ಹಬೆಯೊಳಗೆ ಮಾಯ.

ಈಗ ಗುರುತೂ ಮಾಯ.

"ಮತ್ತೆ ಅಳತೆ ತೆಗೀಬೇಕಂದ್ರೆ ದಿನವೆಲ್ಲ ಆಗುತ್ತೆ. ಈ ಮೇಸ್ತ್ರಿ ಗೇಟಿನಾಚೆ ದಬ್ಬುತ್ತಾನೆ" ಎಂದಳು ಚಿಕ್ಕಮ್ಮ. ಆಮೇಲೆ ಅವಳ ಕಣ್ಣು ಮೂಲೆಯ ಕಡೆ ಹೋಯಿತು. ನನ್ನದೂ.

ಆ ಮೂಲೆಯಲ್ಲಿ ಮಸಿಯಕ್ಕ ಕೂರುತ್ತಾಳೆ. ಯಾವ ಬಟ್ಟೆ ಯಾವ ವಾರ್ಡಿನದು ಎಂದು ಅಳಿಯದ ಮಸಿಯಲ್ಲಿ ಗುರುತು ಹಾಕುವುದು ಅವಳ ಕೆಲಸ. ಬೆರಳೆಲ್ಲ ಕಪ್ಪು, ಮೂಗಿನ ತುದಿಯೂ ಕಪ್ಪು. "ಬಟ್ಟೆ ಹರಿದು ಚಿಂದಿಯಾದ್ರೂ ನನ್ನ ಗುರುತು ಹೋಗಲ್ಲ" ಎಂಬುದು ಅವಳು ದಿನಕ್ಕೊಮ್ಮೆಯಾದರೂ ಹೇಳುವ ಮಾತು.

ಚಾದರದ ಗುಡ್ಡೆಯ ಹಿಂದೆ ಚಿಕ್ಕಮ್ಮ ರವಿಕೆ ಬಿಚ್ಚಿದಳು. ಮಸಿಯಕ್ಕ ಕಡ್ಡಿ ಹಿಡಿದು ಕೂತಳು.

"ಎಲ್ಲಿತ್ತೇ?"

"ಇಲ್ಲೇ ಎಲ್ಲೋ."

"ಇಲ್ಲೇ ಎಲ್ಲೋ ಅಂದ್ರೆ ಬಸ್ಸೂ ನಿಲ್ಲಲ್ಲ. ಸರಿಯಾಗಿ ಹೇಳು."

"ಇಲ್ಲಿ. ಸ್ವಲ್ಪ ಕೆಳಗೆ. ಅಯ್ಯೋ, ಕಚಗುಳಿ ಇಡ್ಬೇಡ್ವೇ!"

ಮಸಿಯಕ್ಕ ಉಸಿರು ಬಿಗಿಹಿಡಿದು ಗುರುತು ಹಾಕಿದಳು. ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದಳು.

"ಗೆರೆ ಯಾಕೆ?" ಎಂದಳು ಚಿಕ್ಕಮ್ಮ ಬಗ್ಗಿ ನೋಡಿಕೊಂಡು.

"ಕೈಗೆ ಅಭ್ಯಾಸ ಕಣೆ. ಗೆರೆ ಇಲ್ಲದ್ದು ಕಳೆದುಹೋಗುತ್ತೆ."

"ನಾನೇನು ಬಟ್ಟೆಯೇ?"

"ಕಳೆದುಹೋಗಬೇಡ ಅಂತ ಹಾಕಿದ್ದೀನಿ, ಇರಲಿ ಬಿಡು."

ಆವತ್ತು ಅವಳ ಜೊತೆ ನಾನೂ ಹೋದೆ. ಗೋಡೆಯಾಚೆಯ ಕೋಣೆ ತಣ್ಣಗಿರುತ್ತದೆ. ಮಿಷನ್ನಿಗೆ ಸೆಖೆ ಆಗದಂತೆ ನೋಡಿಕೊಳ್ಳುತ್ತಾರೆ. ಚಿಕ್ಕಮ್ಮ ಮಲಗಿದಳು. ಮಿಷನ್ ನಡೆಸುವವನು ದೀಪ ಆರಿಸಿದ. ಗೋಡೆಗಳಿಂದ ದಾರದಂಥ ಬೆಳಕಿನ ಗೆರೆಗಳು ಬಂದು ಅವಳ ಮೈಮೇಲೆ ಬಿದ್ದವು. ಅವು ಗುರುತಿನ ಮೇಲೆ ಸರಿಯಾಗಿ ಕೂರಬೇಕು. ಕೂರಲಿಲ್ಲ. ಅವನು ಅವಳನ್ನು ಅತ್ತ ಸರಿಸಿದ, ಇತ್ತ ಸರಿಸಿದ, ತಲೆ ಕೆರೆದುಕೊಂಡ. ಕೊನೆಗೆ ದೀಪ ಹಾಕಿ ಡಾಕ್ಟರಮ್ಮನನ್ನು ಕರೆದ.

ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು, ಅದನ್ನು ಜೇಬಿನಲ್ಲಿ ಹುಡುಕುತ್ತಾ ಬಂದರು. ಸಿಕ್ಕಿದ ಮೇಲೆ ಬಗ್ಗಿ ನೋಡಿದರು. ಚಿಕ್ಕಮ್ಮನ ಎದೆ ನೋಡಿದರು. ಚಾದರದ ಮೂಲೆ ನೋಡಿದರು. ಅಲ್ಲಿಯೂ ಅದೇ ಕಪ್ಪು ಮಸಿ, ಕೆಳಗೆ ಅದೇ ಎರಡು ಗೆರೆ.

"ನಿಮ್ಮದು ಯಾವ ವಾರ್ಡಮ್ಮಾ?" ಎಂದರು. ನಗು ತಡೆಯಲಾಗಲಿಲ್ಲ ಅವರಿಗೆ. ಕಣ್ಣು ಒರೆಸಿಕೊಂಡರು. ಅವರು ನಕ್ಕಿದ್ದಕ್ಕೆ ಚಿಕ್ಕಮ್ಮನೂ ನಕ್ಕಳು. ಆಮೇಲೆ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು. ಈಗ ನಗು ಇರಲಿಲ್ಲ.

"ಹಾಕಿದವರ ಕೈ ಚೆನ್ನಾಗಿದೆ. ಜಾಗ ತಪ್ಪಿದೆ. ಇದನ್ನ ನಂಬಿಕೊಂಡು ಮಿಷನ್ ಬಿಟ್ಟಿದ್ರೆ, ಬೀಳಬೇಕಾದ ಕಡೆ ಬೀಳದೆ ನಿಮ್ಮ ಶ್ವಾಸಕೋಶಕ್ಕೆ ಹೆಚ್ಚು ಬೀಳ್ತಿತ್ತು. ನಾನು ಹಾಕಿದ್ದು ಎಲ್ಲಿ ಹೋಯ್ತು?"

"ಸ್ನಾನ ಮಾಡುವಾಗ..."

ಡಾಕ್ಟರಮ್ಮ ಬೆರಳಿನ ಹಿಂಭಾಗದಿಂದ ಅವಳ ಚರ್ಮವನ್ನು ಮುಟ್ಟಿದರು. ಕೆಂಪಗಾಗಿ ಬಿರಿಯುವ ಹಾಗಿತ್ತು. "ಸ್ನಾನಕ್ಕೆ ಹೀಗಾಗಲ್ಲ. ಬೇಕಾದ್ರೆ ಸೂಜಿಯಲ್ಲಿ ಅಳಿಯದ ಚುಕ್ಕೆ ಹಾಕಿಬಿಡ್ತೀನಿ. ಗುರುತಿನ ಚಿಂತೆ ನನಗಿಲ್ಲ. ಆದ್ರೆ ಈ ಚರ್ಮ ಒಡೆದ್ರೆ ಕಿರಣ ಅರ್ಧಕ್ಕೆ ನಿಲ್ಲಿಸ್ಬೇಕಾಗುತ್ತೆ. ನಿಜ ಹೇಳಿ. ಏನು ಬಡಿಯುತ್ತಿದೆ ಇದಕ್ಕೆ?"

ಚಿಕ್ಕಮ್ಮ ಮೇಲಿನ ದೀಪವನ್ನು ನೋಡುತ್ತಾ ಮಲಗಿದ್ದಳು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ? ನನ್ನ ಬಾಯಿಂದ ಒಂದು ಮಾತು ತಾನಾಗಿ ಬಿತ್ತು.

"ಹಬೆ."

ಮುಂದಿನದೆಲ್ಲ ಚಿಕ್ಕಮ್ಮನೇ ಹೇಳಿದಳು, ಸೆರಗು ಹೊದ್ದುಕೊಳ್ಳುತ್ತಾ. ಡಾಕ್ಟರಮ್ಮ ಎದ್ದರು. "ನಡೀರಿ" ಎಂದರು.

ನಮ್ಮ ಲಾಂಡ್ರಿಗೆ ಡಾಕ್ಟರೊಬ್ಬರು ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲು ದಾಟುತ್ತಲೇ ಅವರ ಕನ್ನಡಕ ಬೆಳ್ಳಗಾಯಿತು. ಕುರುಡರ ಹಾಗೆ ಕೈ ಚಾಚಿದರು. ಮಸಿಯಕ್ಕ ಓಡಿ ಬಂದು ಒಂದು ಹೊಸ ಟವೆಲ್ ಕೊಟ್ಟಳು.

"ಈ ಸದ್ದು ದಿನಾ ಕೇಳ್ತಿತ್ತು" ಎಂದರು ಡಾಕ್ಟರಮ್ಮ ಒರೆಸಿಕೊಳ್ಳುತ್ತಾ. "ನೀರಿನ ಪಂಪು ಅಂದ್ಕೊಂಡಿದ್ದೆ."

ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಂಡು ಬಂದ. ಅವನ ದನಿ ಬೆಣ್ಣೆಯಾಗಿತ್ತು.

"ಏನಮ್ಮಾ, ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ."

"ಇವರನ್ನ ಚಿಕಿತ್ಸೆ ಮುಗಿಯೋವರೆಗೂ ಈ ಶಾಖದ ಹತ್ರ ನಿಲ್ಲಿಸ್ಬೇಡಿ. ಬಟ್ಟೆ ಮಡಿಸೋದು ಮಾಡಲಿ, ತೋಳಿಗೂ ಒಳ್ಳೇದು."

"ಅದು ನನ್ನ ಕೈಲಿಲ್ಲ. ಇವಳು ಆಸ್ಪತ್ರೆಯವಳಲ್ಲ, ಕಂಟ್ರಾಕ್ಟಿನವಳು."

"ನನ್ನ ಪೇಷೆಂಟು ಇವರು."

"ಗೋಡೆಯಾಚೆ ನಿಮ್ಮ ಪೇಷೆಂಟು. ಈಚೆ ನಮ್ಮ ಆಳು." ಹಲ್ಲು ಕಿರಿದ. "ಬೇಕಾದ್ರೆ ದೊಡ್ಡ ಸಾಹೇಬರನ್ನ ಕೇಳಿ."

ಕೇಳಿದರು. ಆಸ್ಪತ್ರೆಯ ದೊಡ್ಡ ಸಾಹೇಬರು ಕಂಟ್ರಾಕ್ಟರನ್ನು ಕೇಳಿ ಎಂದರಂತೆ. ಕಂಟ್ರಾಕ್ಟರು ಫೋನಿನಲ್ಲಿ ಮೇಸ್ತ್ರಿಯನ್ನು ಕೇಳಿ ಎಂದನಂತೆ. ಸಂಜೆ ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು ಬಂದು ಹೇಳಿದರು. "ಸಿನಿಮಾ ಟಿಕೆಟಿಗೂ ನಾನು ಇಷ್ಟು ಸುತ್ತಿರಲಿಲ್ಲ. ಹೊಸ ಅಳತೆಯಾದ್ರೂ ನಾಳೆ ಮಧ್ಯಾಹ್ನವೇ ನಾನೇ ತೆಗೀತೀನಿ."

ಅವರು ಹೋದ ಮೇಲೂ ಮಸಿಯಕ್ಕ ಮೂಲೆ ಬಿಟ್ಟು ಏಳಲಿಲ್ಲ. "ನನ್ನ ಕೈಯಾರೆ ಅವಳನ್ನ ಕೊಲ್ತಿದ್ನಲ್ಲೇ" ಎಂದು ಒಂದೇ ಸಮ ಗೊಣಗುತ್ತಿದ್ದಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅವಳ ಗಂಟಲ ಗುಂಡಿಯ ಕೆಳಗೆ ಕಪ್ಪು ಗುರುತು. ಕೆಳಗೆ ಎರಡು ಗೆರೆ. ಕನ್ನಡಿ ನೋಡಿಕೊಂಡು ಹಾಕಿಕೊಂಡದ್ದು, ಸೊಟ್ಟಗಿತ್ತು.

"ಇದೇನಕ್ಕಾ ಅವತಾರ?" ಎಂದಳು ಬಾಯ್ಲರ್ ನೋಡಿಕೊಳ್ಳುವವಳು.

"ಯಾರು ಪೇಷೆಂಟು ಯಾರು ಆಳು ಅಂತ ಆ ಮೇಸ್ತ್ರಿಯೇ ಹೇಳಲಿ. ಯಾರ್ಯಾರಿಗೆ ಬೇಕು ಬನ್ನಿ. ಅಳಿಯಲ್ಲ, ಯೋಚನೆ ಮಾಡಿ ಬನ್ನಿ."

ಯಾರೂ ಯೋಚನೆ ಮಾಡಲಿಲ್ಲ. ಬಾಯ್ಲರಿನವಳು ಕುತ್ತಿಗೆ ಒಡ್ಡಿದಳು. ಒಗೆಯುವವರು ಒಡ್ಡಿದರು. "ನನಗೆ ಸ್ವಲ್ಪ ಚಿಕ್ಕದು ಹಾಕಕ್ಕ, ಹೆಣ್ಣು ನೋಡೋಕೆ ಬರ್ತಿದ್ದಾರೆ" ಎಂದಳು ಒಬ್ಬಳು. ನನ್ನ ಸರದಿ ಬಂದಾಗ ಮಸಿ ತಣ್ಣಗೆ ತಾಗಿತು. ಚಿಕ್ಕಮ್ಮ ಬೈದಳು, ಅತ್ತಳು, ಕೊನೆಗೆ ಯಾರ ಗುರುತು ಚೆನ್ನಾಗಿದೆ ಎಂದು ತೀರ್ಪು ಕೊಡುತ್ತಾ ಕೂತಳು.

ರೋಗಿಗಳ ಬಟ್ಟೆಯನ್ನು ನಾವು ನಿಲ್ಲಿಸಲಿಲ್ಲ. ವಾರ್ಡಿನ ಚಾದರ, ಆಪರೇಷನ್ನಿನ ಹಸಿರು ಬಟ್ಟೆ ಎಲ್ಲ ಹೊತ್ತಿಗೆ ಸರಿಯಾಗಿ ಮೇಲೆ ಹೋದವು. ನಾವು ಬೇಕೆಂದೇ ಕಳಿಸದೆ ಉಳಿಸಿಕೊಂಡದ್ದು ಸಾಹೇಬರ ಬಿಳಿ ಕೋಟು, ಅವರ ಕುರ್ಚಿಯ ಮೇಲಿನ ಟವೆಲ್ಲು, ಮೀಟಿಂಗಿನ ಮೇಜಿನ ಬಟ್ಟೆ. ಆವತ್ತು ಮೇಲೆ ದೊಡ್ಡ ಮೀಟಿಂಗಿತ್ತು. ಬಟ್ಟೆ ಇಲ್ಲದ ಆ ಮೇಜಿನ ಮೈಯಲ್ಲಿ ಹಳೆಯ ಮೀಟಿಂಗುಗಳಲ್ಲಿ ಬೇಸರ ಬಂದವರು ಗೀಚಿದ ಹಕ್ಕಿ, ಹಡಗು, ಒಬ್ಬ ಸಾಹೇಬರ ಮೂಗು ಎಲ್ಲ ಕಾಣಿಸುತ್ತವೆ ಎಂದು ಕಸ ಗುಡಿಸುವವಳು ಬಂದು ಹೇಳಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ಮುಗಿಯುವ ಮೊದಲೇ ಸಾಹೇಬರು ಕೆಳಗಿಳಿದು ಬಂದರು. ಕೋಟಿಲ್ಲದೆ ಅವರು ಯಾರದೋ ಮಾವನ ಹಾಗೆ ಕಾಣುತ್ತಿದ್ದರು. ಹಿಂದೆ ಮೇಸ್ತ್ರಿ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಡಾಕ್ಟರಮ್ಮ ಬಂದು ನಿಂತರು, ಮತ್ತೆ ಕನ್ನಡಕ ಬೆಳ್ಳಗೆ.

ಬಾಯ್ಲರಿನವಳು ರೋಲರ್ ನಿಲ್ಲಿಸಿದಳು. ಸದ್ದು ನಿಂತಿತು. ಸಾಹೇಬರು ನಮ್ಮ ಕುತ್ತಿಗೆಗಳನ್ನು ಒಂದೊಂದಾಗಿ ನೋಡುತ್ತಾ ಬಂದರು.

"ಏನಿದು? ಏನಾಗಿದೆ ಇವರಿಗೆಲ್ಲ?"

"ತಮಾಷೆ ಸಾರ್. ಬುದ್ಧಿ ಹೇಳ್ತೀನಿ" ಎಂದ ಮೇಸ್ತ್ರಿ.

"ನೀನು ಸುಮ್ನಿರಯ್ಯ" ಎಂದಳು ಮಸಿಯಕ್ಕ. "ಸಾರ್, ಇದರಲ್ಲಿ ಪೇಷೆಂಟು ಯಾರು, ಆಳು ಯಾರು, ಗುರುತು ಹಿಡಿದು ಹೇಳಿ."

ಸಾಹೇಬರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಬಂದು ಎರಡು ನಿಮಿಷವಾಗಿರಲಿಲ್ಲ, ಅಂಗಿ ಬೆನ್ನಿಗಂಟಿತ್ತು. "ಒಬ್ಬರು ಮಾತಾಡಿ. ಏನು ಬೇಕು ನಿಮಗೆ? ಒಬ್ಬರು ಹೇಳಿ."

ಮಸಿಯಕ್ಕ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮ ನನ್ನನ್ನು ನೋಡಿದಳು.

ಮೇಜಿನ ಮೇಲೆ ಒಂದು ಚಾದರ ಅರ್ಧ ಬಿಚ್ಚಿ ಬಿದ್ದಿತ್ತು. ಅದರ ಒಂದು ತುದಿ ಎತ್ತಿಕೊಂಡೆ. ಇನ್ನೊಂದು ತುದಿ ನೆಲಕ್ಕೆ ಜೋತುಬಿತ್ತು. ಎಲ್ಲರ ಕಣ್ಣೂ ನನ್ನ ಮೇಲೆ. ದನಿ ಬಂತು.

"ಇದನ್ನ ಮಡಿಸೋಕೆ ಇಬ್ಬರು ಬೇಕು ಸಾರ್. ಕಿರಣ ಮುಗಿಯೋವರೆಗೂ ಚಿಕ್ಕಮ್ಮನ್ನ ಈ ಮೇಜಿಗೆ ಹಾಕಿ."

ಸಾಹೇಬರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದ.

"ಆ ತುದಿ ಹಿಡಿಯೋಕೆ ಅವಳನ್ನ ಕೊಡಿ ಸಾರ್" ಎಂದೆ ಮತ್ತೊಮ್ಮೆ.